ತೊಳೆದ ಮರಳು

ಈ ಸಲವೂ ಮೇಲಿನ ಮಡಕೆಯ ಮರಳಿನಿಂದ ಕೆಳಗಿನ ಮಡಕೆಗೆ ತೊಟ್ಟಿಕ್ಕಿದ್ದು ಕಲಗಚ್ಚಿನಂಥ ನೀರೇ. ಕೆರೆ ನೀರು ಸೋಸಲೆಂದು ಶಿಂಷಾ ಹೊಳೆಯಿಂದ ಹೊತ್ತು ತಂದಿದ್ದ ಆ ಮರಳನ್ನೆಲ್ಲ ರೇವಮ್ಮ ಮತ್ತೆ ಮಂಕರಿಗೆ ಸುರಿದಳು.

"ಬುಡಮ್ಮಿ ಅತ್ಲಾಗೆ. ನಾವೆಲ್ಲ ಕೆರೆ ನೀರು ಕುಡ್ದೇ ಬೆಳೀನಿಲ್ವಾ?" ಎಂದಳು ಅತ್ತೆ ಚಿಕ್ಕನಂಜಮ್ಮ.

"ನನ್ನ ಮಗ ಬೆಳೀನಿಲ್ವಲ್ಲ ಅತ್ತೆ."

೧೯೪೨ರ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂದಾಗ ಆ ಮಗು ಅತ್ತೆಯ ಮಡಿಲಲ್ಲೇ ಕಣ್ಣು ಮುಚ್ಚಿತ್ತು. ಈಗ ಉಳಿದಿರುವುದು ಮಗಳೊಬ್ಬಳು.

ರೇವಮ್ಮ ಮರಳನ್ನು ಕೆಸರು ಬಿಡುವುದು ನಿಲ್ಲುವವರೆಗೂ ಉಜ್ಜಿ ತೊಳೆದಳು. ಮೇಲಿನ ಮಡಕೆಯ ತಳದ ಇದ್ದಿಲಿನ ಮೇಲೆ ಅದನ್ನು ಮೊದಲಿಗಿಂತ ದಪ್ಪವಾಗಿ ಹಾಸಿ, ನಿಧಾನವಾಗಿ ನೀರು ಹುಯ್ದಳು. ಸಂಜೆಗೆ ಕೆಳಗಿನ ಮಡಕೆಯ ನೀರಿನಲ್ಲಿ ತಳ ಕಾಣಿಸಿತು. ಮಗಳು ಚೊಂಬು ಹಿಡಿದು ಓಡಿಬಂದಾಗ ಚಿಕ್ಕನಂಜಮ್ಮ ಅವಳ ಕೈ ಹಿಡಿದಳು.

"ತಡಿಯವ್ವ, ಕಾಯ್ಸಿ ಕೊಡ್ತೀನಿ" ಎಂದು ಒಲೆಯ ಮುಂದೆ ಕೂತು ಬೆಂಕಿ ಊದತೊಡಗಿದಳು.