ಅವ್ವನ ತೂಕದ ಚೀಲ

ಸಮುದ್ರ ಗದಗಿನವರೆಗೂ ಬಂದ ಮೇಲೆ, ನೀರೇರುವ ಸೈರನ್ ಕೂಗಿ ನಿಲ್ಲುವುದರೊಳಗೆ ಊರವರೆಲ್ಲ ಹಳೆಯ ನೀರಿನ ಟಾಕಿ ಹತ್ತಬೇಕಿತ್ತು. ಅದಕ್ಕೇ ಈ ಕಸರತ್ತಿನ ಕ್ಲಾಸು. ಮನೆಯಲ್ಲಿ ಯಾರನ್ನು ಹೊತ್ತು ಹತ್ತಬೇಕೋ ಅವರ ತೂಕದಷ್ಟು ಮರಳನ್ನು ಚೀಲಕ್ಕೆ ತುಂಬಿ ತರುವುದು ಪದ್ಧತಿ.

ಮೊದಲ ದಿನ ನೀಲವ್ವ, ನಡೆಯಲಾಗದ ತನ್ನ ಅವ್ವನ ತೂಕ ಹೊತ್ತು ಮೆಟ್ಟಿಲೇರಿದಳು. ಅರ್ಧಕ್ಕೇ ಕ್ಲಾಸಿನ ಸೈರನ್ ನಿಂತಿತು.

“ಇಬ್ಬರೂ ಮುಳುಗಿದ್ರಿ ನೋಡ್ರಿ,” ಎಂದು ಮಾಸ್ತರರು ನಕ್ಕರು.

ಕೆಳಗೆ ಕುಳಿತಿದ್ದ ಅವ್ವ, ನೀಲವ್ವ ಇಳಿಸಿ ತಂದ ಚೀಲ ಎಳೆದುಕೊಂಡು, ಬಾಯಿ ಬಿಚ್ಚಿ ಮರಳು ಸುರಿಯತೊಡಗಿದಳು.

“ಏನ್ ಮಾಡಾಕತ್ತಿ ಬೇ?”

“ಚಂಪಿ ತೂಕದಷ್ಟು ಉಳಸ್ತೀನಿ.”

“ತಂಗಿ ನನ್ನ ಹಿಂದ ಹತ್ತತಾಳ.”

“ಮೂರು ವರ್ಷದ ಕೂಸು ಅದು. ಸುಮ್ನ ಹೊತ್ಕೊ.”

ಈ ಸಲ ನೀಲವ್ವ ತುದಿ ಮುಟ್ಟಿದ ಮೇಲೂ ಸೈರನ್ ಕೂಗುತ್ತಲೇ ಇತ್ತು. ಕೆಳಗೆ ಎಲ್ಲರಿಗಿಂತ ಜೋರಾಗಿ ಅವ್ವ ಚಪ್ಪಾಳೆ ತಟ್ಟುತ್ತಿದ್ದಳು. ಅಂಗೈಯಿಂದ ಮರಳು ಉದುರುತ್ತಿತ್ತು.