ಸಾಲಿನ ಹಿಂದೆ ಒಬ್ಬರು ಬೇಕು

ಹಾವೇರಿ ಕಡೆಯ ಒಂದು ಸಣ್ಣ ಊರು. ಅಲ್ಲಿನ ಶಾಲೆಯಲ್ಲಿ ದಾನೇಶ್ವರಿ ಟೀಚರ್ ಅಂತ ಒಬ್ಬರು...

ಪ್ರತಿ ಶನಿವಾರ ಬೆಳಿಗ್ಗೆ ತಮ್ಮ ಐದನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ರಸ್ತೆ ದಾಟಿಸಿ, ಊರ ಹಿಂದಿನ ಕೆರೆಗೆ ಕರೆದೊಯ್ಯುತ್ತಿದ್ದರು. ಪರಿಸರ ಪಾಠ ಅಲ್ಲೇ ನಡೆಯಬೇಕು ಅನ್ನುವುದು ಅವರ ಹಟ.

ಜೂನ್ ತಿಂಗಳ ಒಂದು ಶನಿವಾರ ಕೆರೆಯ ದಂಡೆಯಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆಗಳು ಮಕ್ಕಳ ಕಣ್ಣಿಗೆ ಬಿದ್ದವು. ಗೂಡಿಲ್ಲ, ಏನಿಲ್ಲ... ಬರೀ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ಮೊಟ್ಟೆಗಳು!

ಪುಸ್ತಕ ಕಂಡರೆ ಆಕಳಿಸುವ ಮಕ್ಕಳು ಅಂದು ಉಸಿರು ಬಿಗಿಹಿಡಿದು ದೂರದಲ್ಲೇ ಕುಳಿತರು.

"ಪ್ರತಿ ವಾರ ಬರೂಣು. ಮರಿ ಹೊರಗ ಬರೂದನ್ನ ಎಲ್ಲಾರೂ ಕೂಡಿ ನೋಡೂಣು" ಎಂದು ಟೀಚರ್ ಮಾತು ಕೊಟ್ಟರು.

ಅಂದು ವಾಪಸ್ ಬರುವಾಗಲೇ ಎಡವಟ್ಟಾಯಿತು. ಸಾಲಿನ ಕೊನೆಯಲ್ಲಿದ್ದ ಮಗುವೊಂದು ಚಿಟ್ಟೆಯ ಹಿಂದೆ ಓಡಿ ರಸ್ತೆಗೆ ಇಳಿದುಬಿಟ್ಟಿತು. ಬೈಕಿನವನು ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದ... ದೇವರು ದೊಡ್ಡವನು.

ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಆದರೂ ಖಡಾಖಂಡಿತವಾಗಿ ಹೇಳಿದರು: "ಮುಂದ ನೀವು ಇರ್ರಿ, ಹಿಂದ ಇನ್ನೊಬ್ಬರು ದೊಡ್ಡವರು ಇರಬೇಕು. ನಮ್ಮಲ್ಲಿ ಮಾಸ್ತರ ಮಂದಿ ಕಡಿಮಿ, ಪಾಲಕರನ್ನ ಕೇಳ್ರಿ. ಯಾರೂ ಬರಲಿಲ್ಲಂದ್ರ ಗೇಟ್ ದಾಟಬ್ಯಾಡ್ರಿ ಟೀಚರ್."

ಟೀಚರ್‌ಗೆ ಸಮಾಧಾನವೇ ಆಯಿತು. ಅಷ್ಟು ಜನ ಪಾಲಕರಲ್ಲಿ ಒಬ್ಬರು ಸಿಗುವುದಿಲ್ಲವೇ?

ಮೊಟ್ಟೆಗಳ ಫೋಟೋ ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕಿದರು. "ಶನಿವಾರ ಯಾರಾದರೂ ಒಬ್ಬರು ದಯವಿಟ್ಟು ನಮ್ಮ ಜೊತೆ ಬನ್ನಿ" ಎಂದು ಬರೆದರು.

ಹೆಬ್ಬೆಟ್ಟುಗಳೇ ಹೆಬ್ಬೆಟ್ಟುಗಳು... ಕೈ ಮುಗಿದಿದ್ದೇನು, ಹೂವು ಹಾಕಿದ್ದೇನು, "ಸೂಪರ್ ಟೀಚರ್" ಅಂದಿದ್ದೇನು!

ಶನಿವಾರ ಮಕ್ಕಳು ಶೂ ಕಟ್ಟಿಕೊಂಡು, ನೀರಿನ ಬಾಟಲಿ ಹಿಡಿದು ಗೇಟಿನ ಒಳಗೆ ಸಾಲಾಗಿ ನಿಂತರು. ಟೀಚರ್ ರಸ್ತೆ ನೋಡುತ್ತಾ ನಿಂತರು.

ಯಾರೂ ಬರಲಿಲ್ಲ.

ಟೀಚರ್ ಮನೆಮನೆಗೆ ಹೋದರು. ಪಾಲಕರ ಸಮಿತಿಯ ಅಧ್ಯಕ್ಷರದು ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ. "ಭಾಳ ಛಲೋ ಕೆಲಸ ಮಾಡಾಕತ್ತೀರಿ ಟೀಚರ್... ಆದ್ರ ಅಂಗಡಿ ಬಿಟ್ಟು ನಾ ಹೆಂಗ ಬರ್ಲಿ ಹೇಳ್ರಿ?" ಎಂದು ಚಹಾ ಕುಡಿಸಿ ಕಳಿಸಿದರು. ಇನ್ನೊಂದು ಮನೆಯಲ್ಲಿ "ನಮ್ಮನಿಯವರನ್ನ ಕೇಳಿ ಹೇಳ್ತೇನ್ರಿ" ಅಂದರು.

ಮುಂದಿನ ಶನಿವಾರವೂ ಮಕ್ಕಳು ಶೂ ಕಟ್ಟಿದರು... ಬಿಚ್ಚಿದರು. ಅದರ ಮುಂದಿನ ಶನಿವಾರವೂ ಅಷ್ಟೇ.

"ಟೀಚರ್, ಮರಿ ಹೊರಗ ಬಂದಿರ್ತಾವೇನ್ರಿ?" ಎಂದು ಹುಡುಗಿಯೊಬ್ಬಳು ಕೇಳಿದಳು. ಟೀಚರ್ ಬೋರ್ಡಿನ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ಗುರುಪೂರ್ಣಿಮೆ ಬಂತು. ನಮ್ಮ ಜನ ಸನ್ಮಾನ ಮಾಡುವುದರಲ್ಲಿ ಎತ್ತಿದ ಕೈ. "ನಮ್ಮ ಟೀಚರ್‌ಗೆ ಬೆಂಬಲ ಕೊಡಬೇಕು" ಎಂದು ಸಮಿತಿಯವರೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡರು. ಯಾವತ್ತು ಗೊತ್ತೇ? ಶನಿವಾರ ಬೆಳಿಗ್ಗೆ!

ಶಾಲೆಯ ಹಾಲ್ ತುಂಬಿ ತುಳುಕಿತು. ಅಂಗಡಿ ಮುಚ್ಚಿ ಬಂದವರು, ರಜೆ ಹಾಕಿ ಬಂದವರು... ಎಲ್ಲರೂ ಇದ್ದರು.

ಹಾರ, ಹಣ್ಣಿನ ಬುಟ್ಟಿ, ಜರಿಯಂಚಿನ ಶಾಲು. ಅಧ್ಯಕ್ಷರು ಮೈಕ್ ಹಿಡಿದು, "ಪರಿಸರ ಶಿಕ್ಷಣಕ್ಕಾಗಿ ಜೀವ ತೇಯುತ್ತಿರುವ ನಮ್ಮ ಟೀಚರ್ ಜೊತೆ ನಾವೆಲ್ಲ ಸದಾ ಇದ್ದೇವೆ!" ಎಂದರು. ಚಪ್ಪಾಳೆಯೋ ಚಪ್ಪಾಳೆ.

ಮೈಕ್ ಟೀಚರ್ ಕೈಗೆ ಬಂತು.

"ಇವತ್ತ ಶನಿವಾರ ಐತ್ರಿ... ಮಕ್ಕಳು ಹೊರಗ ಶೂ ಹಾಕ್ಕೊಂಡು ನಿಂತಾವ. ನಿಮ್ಮ ಕೈ ಮುಗೀತೇನಿ, ಯಾರರ ಒಬ್ಬರು ಬರ್ರಿ. ಸಾಲಿನ ಹಿಂದ ನಡದ್ರ ಸಾಕು..."

ಕೆಲವರು ಮೊಬೈಲ್ ನೋಡಿದರು, ಕೆಲವರು ಪಕ್ಕದವರ ಮುಖ ನೋಡಿದರು.

"ಮುಂದಿನ ವಾರ ನೋಡೂಣಂತ ಟೀಚರ್. ಈಗ ಎಲ್ಲಾರಿಗೂ ನಾಷ್ಟಾ ಐತಿ" ಎಂದರು ಅಧ್ಯಕ್ಷರು.

ಆಗ ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಮೊಮ್ಮಗಳ ಜೊತೆ ಬಂದಿದ್ದ ಫಕ್ಕೀರವ್ವಜ್ಜಿ ಎರಡೂ ಮೊಣಕಾಲು ಹಿಡಿದುಕೊಂಡು ಎದ್ದರು.

"ನಾ ಬರ್ತೇನಿ ಅಕ್ಕೋರ... ಜರಾ ಮೆಲ್ಲಕ ನಡೀಬೇಕ ನೋಡ್ರಿ."

ಮಕ್ಕಳು ಕುಣಿದರು! ಟೀಚರ್ ಮುಂದೆ, ಅಜ್ಜಿ ಹಿಂದೆ... ಎಷ್ಟೋ ವಾರಗಳ ಮೇಲೆ ಸಾಲು ಗೇಟ್ ದಾಟಿತು.

ಆದರೆ ರಸ್ತೆಯ ಈಚೆ ಬದಿಯ ಬೇವಿನ ಮರ ಬರುವಷ್ಟರಲ್ಲಿ ಅಜ್ಜಿಯ ಕಾಲು ಹಿಡಿದುಕೊಂಡವು. ಮರಕ್ಕೆ ಕೈ ಕೊಟ್ಟು ನಿಂತುಬಿಟ್ಟರು. ಕಣ್ಣಲ್ಲಿ ನೀರು.

"ಇನ್ನ ಮುಂದ ಆಗವಲ್ಲದು ಅಕ್ಕೋರ... ತಪ್ಪ ತಿಳ್ಕೋಬ್ಯಾಡ್ರಿ. ಹುಡುಗರಿಗೆ ಆಸೆ ತೋರಿಸಿ ನಿರಾಸೆ ಮಾಡಿದೆ."

ಟೀಚರ್ ತಮ್ಮ ಹೆಗಲ ಮೇಲಿನ ಜರಿಯಂಚಿನ ಶಾಲು ತೆಗೆದು ಬೇವಿನ ಬುಡದಲ್ಲಿ ಹಾಸಿ ಅಜ್ಜಿಯನ್ನು ಕೂರಿಸಿದರು. ಆಮೇಲೆ ಆ ಕಾಲುಗಳನ್ನು ಮುಟ್ಟಿ ನಮಸ್ಕರಿಸಿ ಬಿಕ್ಕಿ ಬಿಕ್ಕಿ ಅತ್ತರು.

ಮಕ್ಕಳು ಹಿಮ್ಮಡಿ ಎತ್ತಿ ನೋಡಿದರು. ಕೆರೆ ಕಾಣಲಿಲ್ಲ.

ಅಜ್ಜಿಯ ಕಾಲು ಎಲ್ಲಿಯವರೆಗೆ ಬಂದವೋ, ಅಂದಿನ ಪಾಠ ಅಲ್ಲಿಯವರೆಗೆ. ಮರಿಗಳು ಹೊರಬಂದವೋ, ನಾಯಿಯ ಪಾಲಾದವೋ... ಆ ಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ.

ನಾಷ್ಟಾ ತಟ್ಟೆ ಹಿಡಿದ ಯಾರೋ ಕಿಟಕಿಯಿಂದಲೇ ಬೇವಿನ ಮರದ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಟೀಚರ್ ಬ್ಯಾಗಿನಲ್ಲಿದ್ದ ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು.

ಮತ್ತೆ ಹೆಬ್ಬೆಟ್ಟುಗಳು...

*ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಗುರುವಿಗೆ ಬೆಂಬಲ ಕೊಡುವುದೆಂದರೆ, ಆ ಮಕ್ಕಳ ಹಿಂದೆ ನಾಲ್ಕು ಹೆಜ್ಜೆ ನಡೆಯುವುದು.*

ಇದನ್ನು ಓದಿ ನಿಮ್ಮ ಹೆಬ್ಬೆಟ್ಟೂ ಈಗ ಮೇಲೆದ್ದಿರಬಹುದು... ಬರುವ ಶನಿವಾರ ನಿಮ್ಮ ಮಗುವಿನ ಶಾಲೆಯ ಗೇಟಿನ ಹತ್ತಿರ ನೀವು ಇರುತ್ತೀರಾ?