ಛಲೋ ಹುಡುಗ

ನೆನಪನ್ನು ತಲೆಯಿಂದ ನೇರವಾಗಿ ಪರದೆಗೆ ಇಳಿಸಿದ ಚಿತ್ರಗಳಲ್ಲಿ ಇಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ರೋಹಿಣಿ ಶೇಂಗಾ ಸುಲಿಯುತ್ತಾಳೆ. ಒಳ್ಳೆಯ ಕಾಳು ಪಕ್ಕದಲ್ಲಿ ಕೂತ, ತಾನು ಪ್ರೀತಿಸಿದ ಹುಡುಗನಿಗೆ, ಸೀದದ್ದು ತನಗೆ. ಅವಳು ಬದುಕುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಅವರು ಜಗಳವಾಡುವುದು ಶೇಂಗಾಕ್ಕಾಗಿ.

ದೀಪ ಹತ್ತಿದಾಗ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಿರ್ದೇಶಕ ಹಾದಿಮನಿಯವರು ಮಾತ್ರ ನಗುತ್ತಿದ್ದರು. ನೆನಪು ಅವರದೇ, ಆದರೆ ಇಳಿಸಿಕೊಟ್ಟ ನೆನಪು ತಲೆಯಲ್ಲಿ ಉಳಿಯುವುದಿಲ್ಲವಲ್ಲ.

"ವೈನಿ, ನೋಡ್ರಿ, ಅವ್ರಿಗೆ ನೋವೇ ಇಲ್ಲ," ಎಂದಳು ನಾದಿನಿ ಗಿರಿಜಾ. "ನಾಳೆ ನೀವೂ ಅಣ್ಣನ ನೆನಪು ಇಳಿಸಿ ಬಿಡ್ರಿ. ಅಣ್ಣ ಹೋಗಿ ವರ್ಷಾತು. ಎಷ್ಟು ದಿನ ಹಿಂಗ ಕಲ್ಲಾಗಿ ಕೂಡ್ತೀರಿ?"

ನಾನೂ ಒಪ್ಪಿದ್ದೆ.

ಅಭಿನಂದಿಸಲು ಹೋದಾಗ ಹಾದಿಮನಿಯವರು ಪಕ್ಕಕ್ಕೆ ಕರೆದರು. "ಆ ಹುಡುಗ ನಾನೇ ಅಂತಾರ್ರಿ. ನನಗ ಯಾರೋ ಅನಿಸ್ತು. ನೀವು ವಿಮರ್ಶೆ ಬರೆಯೋರು, ಹೇಳ್ರಿ. ಅಕೀನ್ನ ಅವ ಛಲೋ ನೋಡ್ಕೊಂಡ್ನೇನು?"

"ಕಡೀತನಕ ಕೈ ಬಿಡಲಿಲ್ರಿ."

"ಹೌದೇನ್ರಿ? ಛಲೋ ಹುಡುಗ," ಎಂದರು, ಪಕ್ಕದ ಮನೆಯವರ ಮಗನನ್ನು ಹೊಗಳುವಂತೆ.

ಗಿರಿಜಾ ಹೊರಗೆ ಆಟೋ ನಿಲ್ಲಿಸಿದ್ದಳು. "ನಾಳೆ ಎಷ್ಟಕ್ಕ ಹೋಗೂಣ್ರಿ?"

"ಬ್ಯಾಡ," ಎಂದೆ. "ನಿಮ್ಮಣ್ಣ ಗೊರಕಿ ಹೊಡೀತಿದ್ರು. ಅದನ್ನ ಊರ ಮಂದಿ ಯಾಕ ಕೇಳಬೇಕು?"